ಚೌಡಮ್ಮನ ಎಡೆ

"ಬುಟ್ಟಿ ಇಳಿಸಕ್ಕ," ಎಂದ ಕಾಟಯ್ಯ.

ದುರುಗಕ್ಕ ಇಳಿಸಿದಳು. ಖಾಲಿ. ಐದು ದಿನದಿಂದಲೂ ಇದೇ ಕತೆ. ಬೆಳಿಗ್ಗೆ ಅಡವಿಗೆ ಹೋಗುವಾಗ ಕತ್ತು ಕುಸಿಯುವಷ್ಟು ಭಾರ, ಮೇಲೊಂದು ಕೆಂಪು ಬಟ್ಟೆ. ಗುಡ್ಡದ ಚೌಡಮ್ಮನಿಗೆ ಎಡೆ ಎನ್ನುತ್ತಿದ್ದಳು. ಮಧ್ಯಾಹ್ನ ಹಿಂದಿರುಗುವಾಗ ಒಂದು ಅಗುಳೂ ಇಲ್ಲ.

"ಅಷ್ಟೂ ಅಮ್ಮನೇ ಉಂಡ್ಲಾ?"

"ಅವಳಿಗೆ ಹಸಿವು ಜಾಸ್ತಿ ಕಣಪ್ಪ. ಸರ್ಕಾರಿ ನೌಕರಿ ಇಲ್ಲ ನೋಡು."

ಕಾಟಯ್ಯ ಹಿರಿಯೂರಿನ ಕಡೆ ಮಹಾರಾಜರ ಕಾಯ್ದಿಟ್ಟ ಅಡವಿಗೆ ಗಾರ್ಡು. ಬೆಳಿಗ್ಗೆಯೇ ಬಟ್ಟೆ ಎತ್ತಿ ನೋಡಬಹುದಿತ್ತು. ಆದರೆ ದೇವಿಗಿಂತ ಮೊದಲು ಎಡೆ ಮುಟ್ಟಿದವನ ಕೈ ಬಿದ್ದುಹೋಗುತ್ತದೆ ಎಂದಿದ್ದಳು ದುರುಗಕ್ಕ. ಇದನ್ನು ಕೇಳಿ ರೇಂಜರ್ ಮುದ್ದಣ್ಣನವರು ನಕ್ಕರು. ತಾವೇ ಬಂದು ಎತ್ತುತ್ತೇನೆ ಎಂದು ಮಾತ್ರ ಹೇಳಲಿಲ್ಲ.

"ಗಂಧ ಮಹಾರಾಜರ ಮರ ಕಣಯ್ಯ," ಎಂದರು. "ಯಾವನ ಹೊಲದಲ್ಲಿ ಹುಟ್ಟಿದರೂ ಅವರದ್ದೇ. ಒಂದು ಕೊಂಬೆ ಕಾಣೆಯಾದರೂ ಹೊಲದವನೇ ಜವಾಬ್ದಾರ. ಇವಳು ಅಡವಿಗೇ ಕೈ ಹಾಕಿದ್ದಾಳೆ. ಎಡೆಯ ಕೆಳಗೆ ಕೊಡಲಿ ಇರುತ್ತೆ, ಕಡಿದದ್ದು ಗುಡ್ಡದ ಆಚೆಯಿಂದ ಸಾಗುತ್ತೆ. ಸೋಮವಾರದೊಳಗೆ ಹಿಡಿ. ಇಲ್ಲ, ಸೊಂಟದ ಸರ್ಕಾರಿ ಪಟ್ಟಿ ಬಿಚ್ಚಿಟ್ಟು ಮನೆಗೆ ಹೋಗು."

ಭಾನುವಾರ ಕಾಟಯ್ಯ ಅವಳ ಬೆನ್ನು ಹತ್ತಿದ. ಮನಸ್ಸು ಚೆನ್ನಾಗಿರಲಿಲ್ಲ. ಇಬ್ಬರದೂ ಒಂದೇ ಊರು, ಹರಿಯಬ್ಬೆ; ಅರವತ್ತು ದಾಟಿದ ಮುದುಕಿಯನ್ನು ಜೈಲಿಗೆ ಹಾಕಿಸಿ ಊರಲ್ಲಿ ಮುಖ ಎತ್ತುವುದು ಹೇಗೆ? ಪಟ್ಟಿ ಕಳೆದುಕೊಂಡು ಎತ್ತುವುದೂ ಅಷ್ಟೇ ಕಷ್ಟ. ಕಾರೆ ಮುಳ್ಳು ಪಂಚೆ ಹರಿಯಿತು. ಕಾಲಡಿಯಿಂದ ಗೌಜಲಹಕ್ಕಿಗಳು ಬುರ್ರೆಂದು ಎದ್ದು ಎದೆ ಒಡೆಸಿದವು.

ಮುಂದೆ ಕರಡಿಯೊಂದು ಹುತ್ತ ಬಗೆಯುತ್ತಿತ್ತು. ಮಹಾರಾಜರ ಗಾರ್ಡು ಬಂಡೆಯ ಹಿಂದೆ ಬೋರಲು ಮಲಗಿದ.

"ಸರಿಯೋ ಅತ್ಲಾಗೆ," ಎಂದು ಗದರಿದಳು ದುರುಗಕ್ಕ. ಕರಡಿ ಗೊಣಗುತ್ತಾ ಸರಿಯಿತು.

ಚೌಡಮ್ಮನ ಗುಡಿ ಬಂತು. ಮುದುಕಿ ನಡೆಯುತ್ತಲೇ ಒಂದು ಕೈ ಮುಗಿದು ಮುಂದೆ ಹೋದಳು. ಎಡೆಯೂ ಇಲ್ಲ, ಗಿಡೆಯೂ ಇಲ್ಲ. ಹಳ್ಳದ ದಂಡೆಯಲ್ಲಿ ಬುಟ್ಟಿ ಇಳಿಸಿ, ಬಂಡೆಯ ಸಂದಿಯಲ್ಲಿ ಬಚ್ಚಿಟ್ಟಿದ್ದ ಏನನ್ನೋ ಎಳೆದುಕೊಂಡು ಕೂತಳು. ಕಬ್ಬಿಣದ ಸದ್ದು ಕೇಳಿಸಿತು.

ಕಾಟಯ್ಯ ಪೊದೆಯಿಂದ ಹೊರಬಿದ್ದ. "ಸಿಕ್ಕಿಬಿದ್ದೆ ದುರುಗಕ್ಕ. ಏಳು, ರೇಂಜರ ಹತ್ರ ಹೋಗಾಣ."

ಕೆಂಪು ಬಟ್ಟೆ ಕಿತ್ತೆಸೆದ. ಒಳಗೆ ಕೊಡಲಿ ಇರಲಿಲ್ಲ. ಒದ್ದೆ ಮಣ್ಣಿನ ಹೆಂಟೆಗಳಿದ್ದವು. ಒಂದೊಂದರಲ್ಲೂ ಒಂದು ತಂಗಡಿ ಗಿಡ, ಅದಕ್ಕಂಟಿಕೊಂಡಂತೆ ಗೇಣುದ್ದದ ಒಂದು ಗಂಧದ ಸಸಿ. ಮುದುಕಿಯ ಕೈಯಲ್ಲಿ ಗುಂಡಿ ತೋಡುವ ಮೋಟು ಗುದ್ದಲಿ.

"ಇವನ್ನ ಎಲ್ಲಿ ಕಿತ್ತೆ?"

"ಊರಾಗೆ. ನೆಡೋದು ಇಲ್ಲಿ," ಎಂದಳು ದುರುಗಕ್ಕ. "ಹಕ್ಕಿ ಹಣ್ಣು ತಿಂದು ಹಿಕ್ಕೆ ಹಾಕ್ತಾವೆ, ಮಹಾರಾಜರ ಮರ ನಮ್ಮ ಹೊಲದಾಗೆ ಹುಟ್ಟಿಬಿಡ್ತೈತೆ. ನಾಳೆ ಯಾವನೋ ಕಡಕಂಡು ಹೋದ್ರೆ ಜೈಲು ನಮಗೆ. ಬಿಸಾಕಾಕೆ ಮನಸ್ಸು ಬರಲ್ಲ. ಅವರ ಮಕ್ಕಳನ್ನ ಅವರ ಮನೆಗೇ ಬಿಟ್ಟು ಬರ್ತೀನಿ."

"ಜತೆಗೆ ತಂಗಡಿ ಯಾಕೆ?"

"ಗಂಧ ಒಂಟಿಯಾಗಿ ಬದುಕಲ್ಲ. ಪಕ್ಕದ ಗಿಡದ ಬೇರಿಂದ ಹೀರ್ಕಂಡೇ ಬೆಳೀತೈತೆ. ಸರ್ಕಾರದ ಗಿಡ ಅಲ್ವೇನಪ್ಪ."

ಕಾಟಯ್ಯ ಎಲ್ಲಕ್ಕಿಂತ ದೊಡ್ಡ ಸಸಿಯನ್ನು ಎತ್ತಿ ಹಿಡಿದ. ಬರಿಗೈಯಲ್ಲಿ ಹೋದರೆ ಪಟ್ಟಿ ಉಳಿಯುವುದಿಲ್ಲ. "ಇದು ಯಾರ ಹೊಲದ್ದು? ಹೆಸರು ಹೇಳು, ಸಾಹೇಬರಿಗೆ ಬರಕೊಡ್ಬೇಕು."

"ಹೊಲದ್ದಲ್ಲ, ನಿನ್ನ ಹಿತ್ತಲದ್ದು. ಗಾರ್ಡಿನ ಹಿತ್ತಲಾಗೆ ಗಂಧ ಸಿಕ್ಕರೆ ಹಕ್ಕಿ ತಂದಿದ್ದು ಅಂದ್ರೆ ಯಾರು ನಂಬ್ತಾರೆ ಅಂತ ಬೆಳಿಗ್ಗೆ ನಿನ್ನ ಹೆಂಡ್ತಿನೇ ಅಗೆದು ಕೊಟ್ಲು."