ಕೆಂಪು ಹಿಡಿ

“ಕಣ್ಣು ಮುಚ್ಚಿ ಹಿಡ್ಕೊಂಡು ನೋಡಿ ಯಜಮಾನ್ರೇ, ಯಾವುದು ಬೇಕು ಅಂತ ಕೈಯೇ ಹೇಳುತ್ತೆ,” ಎಂದು ಅಂಗಡಿಯವನು ಎರಡು ಮಡಚುವ ಚಾಕುಗಳಲ್ಲಿ ಒಂದನ್ನು ಗಿರಾಕಿಯ ಬಲಗೈಯಲ್ಲಿಟ್ಟ. ಒಂದಕ್ಕೆ ಉಕ್ಕಿನ ಹಿಡಿ, ಇನ್ನೊಂದಕ್ಕೆ ಕೆಂಪು ಪ್ಲಾಸ್ಟಿಕ್ಕಿನದು. ಲಕ್ವ ಹೊಡೆದಿದ್ದ ಆ ಕೈ ಪೂರ್ತಿ ಸರಿಹೋಯಿತೆಂದು ಮನೆಯವರಿಗೆಲ್ಲ ಹೇಳಿ, ನಾಳೆಯಿಂದ ಮತ್ತೆ ನರ್ಸರಿಯಲ್ಲಿ ಗಿಡಗಳಿಗೆ ಕಸಿ ಕಟ್ಟಲು ಹೊರಟವನು ಅವನು. ಪಕ್ಕದಲ್ಲಿ ನಿಂತಿದ್ದ ಹೆಂಡತಿ ಅವನ ಬೆರಳುಗಳನ್ನೇ ನೋಡುತ್ತಿದ್ದಳು.

ಕಣ್ಣು ಮುಚ್ಚಿಕೊಂಡೇ ಅವನು ಹಿಡಿಯನ್ನು ಅದುಮಿದ. “ಅಬ್ಬಾ, ಏನ್ ತಣ್ಣಗಿದೆ! ಉಕ್ಕು ಅಂದ್ರೆ ಉಕ್ಕೇ ಕಣಯ್ಯಾ. ಇದನ್ನೇ ಕೊಡು.”

ಅವನ ಕೈಯಲ್ಲಿದ್ದದ್ದು ಕೆಂಪು ಪ್ಲಾಸ್ಟಿಕ್ಕು. ತಮಾಷೆಯೆಂದುಕೊಂಡು ನಗಲು ಹೊರಟ ಅಂಗಡಿಯವನು ಅವಳ ಮುಖ ನೋಡಿ ನಗು ತಡೆದುಕೊಂಡ. ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಬೆಳಿಗ್ಗೆ ಒಲೆಯ ಮೇಲೆ ಕುದಿಯುತ್ತಿದ್ದ ಹಾಲಿನ ಪಾತ್ರೆಯನ್ನು ಅವನು ಬರಿಗೈಯಲ್ಲಿ ಇಳಿಸಿ, “ನೋಡು, ಕೈ ಎಷ್ಟು ಗಟ್ಟಿಯಾಗಿದೆ,” ಎಂದಿದ್ದ. ಅವಳೂ ಹೂಂ ಎಂದಿದ್ದಳು.

“ಇವರಿಗೆ ಆ ಕೆಂಪುದೇ ಇರ್ಲಿ ಕೊಡಪ್ಪಾ,” ಎಂದಳು, ಅವನಿನ್ನೂ ಕಣ್ಣು ತೆರೆಯುವ ಮೊದಲೇ. “ಕೈ ಜಾರಿ ಹುಲ್ಲಲ್ಲಿ ಬಿದ್ರೆ ಬೇಗ ಕಾಣುತ್ತೆ.”

ಇಷ್ಟು ವರ್ಷ ಕಸಿ ಕಟ್ಟಿದರೂ ಒಮ್ಮೆಯೂ ಚಾಕು ಕೆಳಗೆ ಬೀಳಿಸದವನು. ‘ನನ್ನ ಕೈಯಿಂದ ಜಾರೋದಾ?’ ಎಂದು ಈಗ ರೇಗುತ್ತಾನೆಂದು ಅವಳು ಕಾದಳು. ಅವನು ಕಣ್ಣು ತೆರೆದ. ಕೆಂಪು ಹಿಡಿಯನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಚಾಕುವನ್ನು ಎಡಗೈಗೆ ದಾಟಿಸಿಕೊಂಡ.