ಏಳನೆಯ ಕೇಬಲ್

"ಇದು ಯಾರೋ ಬೇಕೂಂತಲೇ ಮಾಡಿರೋ ಕೆಲಸ," ಎಂದರು ಸೂಪರಿಂಟೆಂಡೆಂಟರು. ಜನನ-ಮರಣ ನೋಂದಣಿ ಕಚೇರಿಯ ಆರೂ ಟರ್ಮಿನಲ್‌ಗಳು ಬೆಳಿಗ್ಗೆಯಿಂದ ಒಂದೇ ಸಾಲನ್ನು ಜಪಿಸುತ್ತಿದ್ದವು: ಸರ್ವರ್ ಸಿಗುತ್ತಿಲ್ಲ.

"ಸರ್ವರ್ ಸರ್ವರಿಗೂ ಕೈ ಕೊಟ್ಟಿದೆ ಸರ್," ಎಂದಳು ಕೌಂಟರಿನ ಗುಮಾಸ್ತೆ. ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದೇ ರೇಡಿಯೋ ಎಂದು. ಟರ್ಮಿನಲ್ ಕಂಪನಿಗೆ ಫೋನ್ ಮಾಡಿ ಮಾಡಿ ಅಲ್ಲಿನ ಧ್ವನಿ ಅವಳ ಗಂಟಲಲ್ಲೇ ಬಿಡಾರ ಹೂಡಿತ್ತು. "ನಿಮ್ಮ ಕರೆ ನಮಗೆ ಅತ್ಯಮೂಲ್ಯ. ದಯವಿಟ್ಟು ಕಾಯಿರಿ. ಕಾಯಿರಿ. ಹಣ್ಣಾಗುವವರೆಗೂ ಕಾಯಿರಿ."

ಕೌಂಟರಿನ ಮುಂದೆ ಕಾಯುತ್ತಿದ್ದವರ ಸಾಲಿನಲ್ಲಿ ಯಾರೂ ನಗಲಿಲ್ಲ. ಗಂಟೆ ಹನ್ನೊಂದೂವರೆ. ಒಂದಕ್ಕೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ರಜೆ ಕಳೆದು ಮೂರು ದಿನದ ಮೇಲೆ. ಮುಂದೆ ನಿಂತಿದ್ದ ಅಜ್ಜಿ ಗಾಜಿಗೆ ಬೆರಳು ಬಡಿದಳು.

"ಎರಡಕ್ಕೆ ಸ್ಮಶಾನದ ಗೇಟು ಹಾಕ್ತಾರಮ್ಮಾ. ನಿಮ್ಮ ಚೀಟಿ ಇಲ್ದೆ ಒಳಗೆ ಬಿಡಲ್ಲ. ನಮ್ಮ ಯಜಮಾನ್ರು ಆಸ್ಪತ್ರೆಯ ತಣ್ಣನೆ ಪೆಟ್ಟಿಗೆಯಲ್ಲಿ ಮಲಗಿದಾರೆ. ಅವರಿಗೆ ಮೊದಲೇ ಚಳಿ ಆಗಿಬರಲ್ಲ."

ಆಗಲೇ ಒಬ್ಬಾತ ಕೌಂಟರಿನ ಪಕ್ಕದ ಅರೆಬಾಗಿಲು ತಳ್ಳಿ ಒಳಗೆ ಬಂದದ್ದು. ಎರಡು ದಿನದ ಗಡ್ಡ. ಕೊರಳಲ್ಲಿ ಯಾವುದೋ ನೆಟ್‌ವರ್ಕ್ ಸಂಸ್ಥೆಯ ಗುರುತಿನ ಚೀಟಿ.

"ಅಂತೂ ಬಂದ್ರಾ!" ಸೂಪರಿಂಟೆಂಡೆಂಟರು ಎದ್ದು ನಿಂತರು. "ಎಂಟೂವರೆಗೇ ಫೋನ್ ಮಾಡಿದ್ವಲ್ರೀ."

"ಸರ್ವರ್ ಎಲ್ಲಿದೆ?"

"ಮೊದಲು ತಡ ಯಾಕಾಯ್ತು ಹೇಳಿ."

"ಒಂಬತ್ತಕ್ಕೇ ಬಂದೆ. ಹೊರಗೆ ಕೂತಿದ್ದೆ."

"ಹೊರಗೆ ಕೂತಿದ್ರಂತೆ!" ರೇಡಿಯೋ ಅವನ ಒಣ ಧ್ವನಿಯನ್ನು ಹಾಗ್ಹಾಗೇ ಅನುಕರಿಸಿದಳು. ಅವನು ತಿರುಗಿಯೂ ನೋಡಲಿಲ್ಲ. ಸ್ಕ್ರೂಡ್ರೈವರ್ ಇದೆಯೇ ಎಂದು ಕೇಳಿದ. ಕಂಪನಿಯವರು ಹೀಗೆ ಕೈಬೀಸಿಕೊಂಡು ಬರುವುದನ್ನು ಸೂಪರಿಂಟೆಂಡೆಂಟರು ಇದೇ ಮೊದಲು ಕಂಡದ್ದು.

ಕಡತಗಳ ಕೋಣೆಯ ಮೂಲೆಯಲ್ಲಿ ಸರ್ವರ್ ಗುಂಯ್‌ಗುಡುತ್ತಿತ್ತು. ಐದು ನಿಮಿಷ ನೋಡಿದ. "ಇದು ಚೆನ್ನಾಗಿದೆ."

"ಹಾಗಾದ್ರೆ ಟರ್ಮಿನಲ್ ಕೆಟ್ಟಿದ್ಯಾ?"

"ಅದರಲ್ಲಿ ಕೆಡೋಕೆ ಏನೂ ಇಲ್ಲ."

ನಿಜವೇ. ಆ ಡಬ್ಬಿಗಳಿಗೆ ಸ್ವಂತದ್ದೆಂಬುದು ಇಲ್ಲ. ರಾತ್ರಿ ಆರಿಸಿದರೆ ಎಲ್ಲವೂ ಮರೆತುಹೋಗುತ್ತದೆ. ಬೆಳಿಗ್ಗೆ ಕಣ್ಣು ಬಿಟ್ಟೊಡನೆ ತಂತಿಯ ಮೇಲೆ ಕೂಗು ಹಾಕುತ್ತವೆ: ನಾನು ಯಾರು, ಎಲ್ಲಿಗೆ ಹೋಗಲಿ? ಸರ್ವರ್ ಒಂದು ವಿಳಾಸ ಕೊಟ್ಟು ಕೈಹಿಡಿದು ಕರೆದುಕೊಳ್ಳಬೇಕು.

ಮೂರನೆಯ ಟರ್ಮಿನಲ್ಲಿನ ಪರದೆಯ ಮೇಲಿನ ಅಂಕಿಗಳನ್ನು ಅವನು ಬೆರಳಿಟ್ಟು ಓದಿದ. "ನಿಮ್ಮ ಸರ್ವರ್ ಕೊಡೋ ವಿಳಾಸ ಎಲ್ಲಾ ಹತ್ತರಿಂದ ಶುರುವಾಗುತ್ತೆ. ಇದಕ್ಕೆ ಸಿಕ್ಕಿರೋದು ನೂರ ತೊಂಬತ್ತೆರಡರಿಂದ. ಇಲ್ಲಿ ಇನ್ನೊಬ್ಬರು ಯಾರೋ ಉತ್ತರ ಕೊಡ್ತಿದಾರೆ. ಮೊದಲು ಯಾರ ಉತ್ತರ ಬಂದ್ರೂ ಈ ಡಬ್ಬಿಗಳು ಅದನ್ನೇ ನಂಬುತ್ವೆ."

"ನಾನು ಹೇಳಲಿಲ್ವಾ!" ಸೂಪರಿಂಟೆಂಡೆಂಟರು ಗುಡುಗಿದರು. "ಬೇಕೂಂತಲೇ! ಯಾರು ಅಂತ ಗೊತ್ತಾಗ್ಲಿ, ಇವತ್ತೇ ಮನೆಗೆ ಕಳಿಸ್ತೀನಿ!"

ಅವನ ಫೋನ್ ಹೊಡೆದುಕೊಂಡಿತು. "ಇನ್ನೂ ಆಗಿಲ್ಲ ಅಕ್ಕಾ... ಆಗುತ್ತೆ. ಅವಳಿಗೆ ಏನೂ ಹೇಳ್ಬೇಡ. ನಾನೇ ಬಂದು ಹೇಳ್ತೀನಿ."

"ಮನೆಯಲ್ಲಿ ಬೈತಾರಾ ಸರ್?" ರೇಡಿಯೋ ಕೇಳಿದಳು.

"ಇಲ್ಲ."

"ಅಯ್ಯೋ, ರಕ್ತ!"

ಸರ್ವರಿನಿಂದ ಕೇಬಲ್ ಹಂಚುವ ಪೆಟ್ಟಿಗೆಯ ತಗಡು ಅವನ ಹೆಬ್ಬೆರಳನ್ನು ಕೊಯ್ದಿತ್ತು. ಅವನು ಅದನ್ನು ಬೇರೆ ಯಾರದೋ ಬೆರಳೆಂಬಂತೆ ನೋಡಿ, ಪ್ಯಾಂಟಿಗೆ ಒರೆಸಿಕೊಂಡು, ಕೇಬಲ್‌ಗಳನ್ನು ಒಂದೊಂದಾಗಿ ಕಿತ್ತು ನೋಡತೊಡಗಿದ. ಆರು ಕೇಬಲ್ ಆರು ಟರ್ಮಿನಲ್ಲಿಗೆ. ಏಳನೆಯದು ಗೋಡೆಯಗುಂಟ ಹೋಗಿ, ಬಾಗಿಲ ಸಂದಿಯಲ್ಲಿ ನುಸುಳಿ, ಸೂಪರಿಂಟೆಂಡೆಂಟರ ಕೋಣೆಗೇ ಹೊಕ್ಕಿತು. ಅವರ ಬೀರುವಿನ ಹಿಂದೆ ಎರಡು ಕೊಂಬಿನ ಒಂದು ವೈಫೈ ಡಬ್ಬಿ ಮಿಣಮಿಣ ಎನ್ನುತ್ತಿತ್ತು.

"ಅದು... ಮನೆಯಲ್ಲಿ ಸುಮ್ನೆ ಬಿದ್ದಿತ್ತು," ಸೂಪರಿಂಟೆಂಡೆಂಟರ ಧ್ವನಿ ಗುಡುಗಿನಿಂದ ಜಡಿಮಳೆಗೆ, ಅಲ್ಲಿಂದ ತುಂತುರಿಗೆ ಇಳಿಯಿತು. "ಮೊಬೈಲಿಗೆ ಸಿಗ್ನಲ್ ಬರಲಿ ಅಂತ ನಿನ್ನೆ ಸಂಜೆ ಸಿಕ್ಕಿಸಿದ್ದೆ."

"ಹಾಗಾದ್ರೆ ಇವತ್ತು ಮನೆಗೆ ಯಾರನ್ನ ಕಳಿಸೋದು ಸರ್?" ರೇಡಿಯೋ ಮುಗ್ಧವಾಗಿ ಕೇಳಿದಳು.

ಅವನು ಡಬ್ಬಿಯ ತಂತಿ ಕಿತ್ತ. ಟರ್ಮಿನಲ್‌ಗಳನ್ನು ಆರಿಸಿ ಹೊತ್ತಿಸಿದ. ಒಂದು ಎದ್ದಿತು. ಎರಡು. ಆರೂ. ಸಾಲು ಉಸಿರು ಬಿಟ್ಟಿತು. ಗಂಟೆ ಹನ್ನೆರಡೂ ಇಪ್ಪತ್ತು.

"ಎಲ್ಲಿ ನಿಮ್ಮ ರಿಪೋರ್ಟು? ಸಹಿ ಹಾಕಿಬಿಡ್ತೀನಿ," ಎಂದರು ಸೂಪರಿಂಟೆಂಡೆಂಟರು. "ಕಾರಣ ಅಂತ ಇರೋ ಜಾಗದಲ್ಲಿ 'ತಾಂತ್ರಿಕ' ಅಂತ ಬರೀರಿ, ಸಾಕು."

"ರಿಪೋರ್ಟ್ ಇಲ್ಲ," ಎಂದು ಅವನು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು ಹೊರನಡೆದ. ಇಂಥ ಒಳ್ಳೆಯ ಕಂಪನಿ ಇನ್ನೊಂದಿಲ್ಲ ಎಂದುಕೊಂಡರು ಸೂಪರಿಂಟೆಂಡೆಂಟರು.

ರೇಡಿಯೋ ಅಜ್ಜಿಯ ಚೀಟಿ ತೆಗೆದುಕೊಟ್ಟಳು. ಆಮೇಲೆ ಇನ್ನೊಬ್ಬರದು, ಮತ್ತೊಬ್ಬರದು. ಪ್ರಿಂಟರ್ ಕರಕರ ಎನ್ನುತ್ತಲೇ ಇತ್ತು. ಹನ್ನೆರಡೂ ಐವತ್ತಕ್ಕೆ ಕಚೇರಿಯ ಫೋನ್ ರಿಂಗಾಯಿತು. ಸೂಪರಿಂಟೆಂಡೆಂಟರು ಎತ್ತಿಕೊಂಡರು.

"ಕಂಪನಿಯಿಂದಲಾ? ಏನು, ನಿಮ್ಮವರು ಇನ್ನೂ ದಾರಿಯಲ್ಲಿದಾರಾ? ಇಲ್ಲ ಕಣ್ರೀ, ಅವರು ಬಂದು, ಸರಿ ಮಾಡಿ..." ಅವರು ಫೋನ್ ಹಿಡಿದುಕೊಂಡೇ ಗಾಜಿನ ಕಡೆ ತಿರುಗಿದರು.

ರೇಡಿಯೋ ತಲೆ ಎತ್ತಿದಳು. ಗಾಜಿನ ಆಚೆ, ಸಾಲಿನ ಕೊನೆಯವನಾಗಿ, ಅವನು ನಿಂತಿದ್ದ. ಆಸ್ಪತ್ರೆಯ ಮೊಹರು ಬಿದ್ದ ಎರಡು ಹಾಳೆಗಳನ್ನು ಗಾಜಿನ ಕೆಳಗೆ ತಳ್ಳಿದ.

ಅವಳಿಗೆ ಯಾರ ಧ್ವನಿಯೂ ನೆರವಿಗೆ ಬರಲಿಲ್ಲ. ತನ್ನದೇ ಧ್ವನಿಯಲ್ಲಿ, ಬಹಳ ಮೆಲ್ಲಗೆ, ಕೇಳಬೇಕಾದ್ದನ್ನು ಕೇಳಿದಳು. "ಜನನದ್ದಾ ಸರ್, ಮರಣದ್ದಾ?"

"ಎರಡೂ," ಎಂದ ಅವನು. "ಮಗು ಒಂದೇ."