ಚಂದ್ರನ ಹಳೆಯ ಲೆಕ್ಕ

ನಮ್ಮ ಆಫೀಸಿನಲ್ಲಿ ತಯಾರಾಗುವುದು ಜಾತಕ ಹೊಂದಿಸುವ ಸಾಫ್ಟ್‌ವೇರ್. ಅದು ಬೇರೆಯವರು ಬರೆದಿಟ್ಟ ಎಷ್ಟೋ ಕೋಡ್ ಪ್ಯಾಕೇಜುಗಳನ್ನು ನೆಚ್ಚಿಕೊಂಡಿದೆ. ಅವುಗಳಲ್ಲಿ ಹಳತಾದವನ್ನು ಹುಡುಕಿ ಬದಲಿಸುವ ಕೆಲಸ ನನ್ನ ಪಾಲಿಗೆ ಬಂತು. ಇದು ಸರಿಹೋದರೆ ಮಾತ್ರ ನನ್ನ ನೌಕರಿ ಖಾಯಂ.

ಗ್ರಹಗಳ ಸ್ಥಾನ ಲೆಕ್ಕ ಹಾಕುವ ಪ್ಯಾಕೇಜನ್ನು ಬಹಳ ವರ್ಷಗಳಿಂದ ಯಾರೂ ಮುಟ್ಟಿರಲಿಲ್ಲ. ಅದರ ಹೊಸ ಆವೃತ್ತಿ ಹಾಕಿ ಬಾಸನ್ನು ಕರೆದೆ. ಅವರು ಎಂದಿನಂತೆ ತಮ್ಮ ಮತ್ತು ಹೆಂಡತಿಯ ಜಾತಕ ಕೊಟ್ಟು ಪರೀಕ್ಷಿಸಿದರು. ಯಾವಾಗಲೂ ಮೂವತ್ತಾರಕ್ಕೆ ಮೂವತ್ತೊಂದು ಗುಣ ಕೂಡುತ್ತಿತ್ತು. ಈಗ ನಾಲ್ಕು ಬಂತು.

“ಏನಮ್ಮ ಮಾಡಿದ್ದೀಯ ಇದನ್ನ?”

“ಹಳೇದ್ರಲ್ಲಿ ಚಂದ್ರನ ಲೆಕ್ಕ ತಪ್ಪಿತ್ತು ಸಾರ್. ಇದು ಸರಿಯಾದ್ದು,” ಎಂದೆ.

“ಆ ಹಳೇದನ್ನ ನೋಡ್ಕೊಂಡೇ ಮದುವೆ ಆದೋನಮ್ಮ ನಾನು. ಹಾಗಾದ್ರೆ ನನ್ನ ಸಂಸಾರವೇ ತಪ್ಪಾ?”

“ಅದು ನಂಗೊತ್ತಿಲ್ಲ ಸಾರ್.”

“ಗೊತ್ತಾಗುತ್ತೆ, ಇರು,” ಎಂದವರೇ ಹೆಂಡತಿಗೆ ಫೋನ್ ಮಾಡಿ, ನನಗೂ ಕೇಳಲೆಂದು ಸ್ಪೀಕರ್ ಹಾಕಿದರು. “ನೋಡೇ, ಇಲ್ಲೊಬ್ಬಳು ಹೊಸ ಹುಡುಗಿ ನಮ್ಮಿಬ್ಬರಿಗೆ ನಾಲ್ಕೇ ಗುಣ ಕೂಡೋದು ಅಂತಿದಾಳೆ. ಕೆಲಸದಿಂದ ತೆಗೀತಾ ಇದೀನಿ.”

ಆ ಕಡೆಯಿಂದ ಕುಕ್ಕರಿನ ಸದ್ದನ್ನೂ ಮೀರಿ ಹೆಂಡತಿಯ ದನಿ ಬಂತು.

“ಆ ಹುಡುಗೀನ ಖಾಯಂ ಮಾಡ್ರೀ. ಆಮೇಲೆ, ಆ ನಾಲ್ಕಾದ್ರೂ ಎಲ್ಲಿಂದ ಬಂತು ಅಂತ ಇನ್ನೊಂದ್ಸಲ ಚೆಕ್ ಮಾಡೋಕೆ ಹೇಳಿ.”